ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು?

ಪ್ರಶ್ನೆ: ನನಗೆ 26 ವರ್ಷ. ಎಂಟು ತಿಂಗಳ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಹೆರಿಗೆ ಆಯಿತು. ನಾರ್ಮಲ್. ಮಗು ಆರೋಗ್ಯವಾಗಿದೆ. ಆದರೆ ಆ ರಾತ್ರಿ ನೆನಪಾದರೆ ಈಗಲೂ ಅಳು ಬರುತ್ತದೆ. ಅಮ್ಮನನ್ನು ಬಾಗಿಲ ಹೊರಗೇ ನಿಲ್ಲಿಸಿದರು. ನೋವಿಗೆ ಕೂಗಿದ್ದಕ್ಕೆ ಬೈದರು, ಆ ಮಾತು ಬರೆಯಲು ನಾಚಿಕೆ ಆಗುತ್ತದೆ. ಕೆಳಗೆ ಕೊಯ್ದಿದ್ದಾರೆ ಅಂತ ಗೊತ್ತಾಗಿದ್ದೇ ಹೊಲಿಗೆ ಹಾಕುವಾಗ. ಮನೆಯಲ್ಲಿ ಹೇಳಿಕೊಂಡರೆ "ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು" ಅಂತಾರೆ. ವಿಚಿತ್ರ ಅಂದರೆ, ಡಿಸ್ಚಾರ್ಜ್ ದಿನ ಕೊಟ್ಟ ಫಾರಂನಲ್ಲಿ "ತುಂಬಾ ತೃಪ್ತಿ ಇದೆ" ಅಂತ ನಾನೇ ಟಿಕ್ ಹಾಕಿ ಬಂದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಈಗ ತಂಗಿಗೆ ಏಳು ತಿಂಗಳು. ಅವಳಿಗೆ ಪ್ರೈವೇಟ್‌ಗೆ ಹೋಗು ಅಂತ ಹೇಳಲಾ? ಹೊಲಿಗೆ ಹಾಕಿದ ಜಾಗ ಇನ್ನೂ ನೋಯುತ್ತದೆ, ಅದೆಲ್ಲ ಸಹಜ ಅಂತಾರೆ ಅತ್ತೆ.

ಉತ್ತರ: ಮೊದಲು ಆ ಟಿಕ್ ವಿಷಯ ಮಾತಾಡೋಣ. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ ಅಂತ ನನಗನಿಸಿತು.

ಡಿಸ್ಚಾರ್ಜ್ ದಿನ ಬೆಳಿಗ್ಗೆ ಹೇಗಿರುತ್ತದೆ ಅಂತ ನೆನಪಿಸಿಕೊಳ್ಳಿ. ಬ್ಯಾಗ್ ಕಟ್ಟಿ ಆಗಿದೆ. ಮಗುವಿಗೆ ಟೋಪಿ ಹಾಕಿ ಅಮ್ಮನ ಕೈಗೆ ಕೊಟ್ಟಾಗಿದೆ. ಕೆಳಗೆ ನಗು-ಮಗು ಗಾಡಿಯವನು ಬೇಗ ಬನ್ನಿ ಅಂತ ಫೋನ್ ಮಾಡುತ್ತಿದ್ದಾನೆ. ನಿಮ್ಮ ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ ಎರಡೂ ಇನ್ನೂ ಸಿಸ್ಟರ್ ಟೇಬಲ್ ಮೇಲಿವೆ. ಆಗ ಅದೇ ಸಿಸ್ಟರ್ ಒಂದು ಕಾಗದ ಮುಂದಿಟ್ಟು, ಪೆನ್ನೂ ಅವರೇ ಕೊಟ್ಟು, "ಇಲ್ಲಿ ಟಿಕ್ ಮಾಡಮ್ಮ" ಅಂತಾರೆ. ಎಲ್ಲಿ ಅಂತ ಬೆರಳನ್ನೂ ತೋರಿಸುತ್ತಾರೆ. ಅಲ್ಲಿ ನಿಂತು "ತೃಪ್ತಿ ಇಲ್ಲ" ಅಂತ ಯಾರು ಬರೆಯುತ್ತಾರೆ ಹೇಳಿ?

ಇದರ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ "ಲಕ್ಷ್ಯ" ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. ಸರ್ಕಾರಿ ಆಸ್ಪತ್ರೆಗಳ ಲೇಬರ್ ರೂಮು ಮತ್ತು ಹೆರಿಗೆ ಆಪರೇಷನ್ ಥಿಯೇಟರ್‌ಗಳ ಗುಣಮಟ್ಟ ಸುಧಾರಿಸಬೇಕು ಅನ್ನುವುದು ಉದ್ದೇಶ. ಒಳ್ಳೆಯ ಕಾರ್ಯಕ್ರಮ, ಅನುಮಾನ ಇಲ್ಲ. ಪ್ರಮಾಣಪತ್ರ ಸಿಕ್ಕಿದ ಆಸ್ಪತ್ರೆಗೆ ಪ್ರೋತ್ಸಾಹಧನ ಬರುತ್ತದೆ. ಅದಕ್ಕಿರುವ ಷರತ್ತುಗಳಲ್ಲಿ ಒಂದು, ನೂರಕ್ಕೆ 80 ತಾಯಂದಿರಾದರೂ ತೃಪ್ತಿ ಇದೆ ಅನ್ನಬೇಕು. ಷರತ್ತು ಇಟ್ಟವರ ಮನಸ್ಸು ಒಳ್ಳೆಯದೇ. ಆದರೆ ಅಂಕ ಬೇಕಾದವರೇ ಉತ್ತರಪತ್ರಿಕೆ ಹಿಡಿದು ನಿಂತರೆ ಏನಾಗುತ್ತದೋ ಅದೇ ಆಗುತ್ತದೆ.

ಸಿಸ್ಟರ್ ಎದುರಿಗೆ ಇಲ್ಲದಿದ್ದರೂ ನೀವು ಅದೇ ಟಿಕ್ ಹಾಕಿರುತ್ತಿದ್ದಿರೇನೋ. ಬದುಕಿ ಬಂದೆ, ಮಗು ಉಳಿಯಿತು ಅನ್ನುವ ಸಮಾಧಾನ ಆ ಮೂರು ದಿನ ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಇದು ಎಲ್ಲ ಕಡೆಯೂ ಇರುವುದೇ. 1984ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಪೋರ್ಟರ್ ಮತ್ತು ಮ್ಯಾಕಿಂಟೈರ್ ಅನ್ನುವ ಇಬ್ಬರು ಸಂಶೋಧಕಿಯರು ಗರ್ಭಿಣಿಯರ ಆರೈಕೆ ಬಗ್ಗೆ ಅಭಿಪ್ರಾಯ ಕೇಳಿ ನೋಡಿದ್ದರು. ಯಾವ ಥರದ ಆರೈಕೆ ಸಿಕ್ಕಿತ್ತೋ ಅದೇ ಒಳ್ಳೆಯದು ಅಂತ ಹೆಚ್ಚಿನವರು ಹೇಳಿದರು. ಬೇರೆ ಥರ ಇರಬಹುದು ಅಂತ ಗೊತ್ತಿಲ್ಲದಿದ್ದರೆ ಸಿಕ್ಕಿದ್ದೇ ಸರಿ ಅನಿಸುತ್ತದೆ. ಬಾಣಂತನ ಮುಗಿದು, ನಾಲ್ಕು ಜನರ ಜೊತೆ ಮಾತಾಡಿ, ಒಬ್ಬರೇ ಕೂತಾಗ ಒಳಗಿನದು ಮೇಲೆ ಬರುತ್ತದೆ. ನಿಮಗೂ ಈಗ ಆಗುತ್ತಿರುವುದು ಅದೇ. ನೀವು ಅವತ್ತು ಸುಳ್ಳು ಹೇಳಲಿಲ್ಲ. ಇವತ್ತು ಹೇಳುತ್ತಿರುವುದೂ ಸುಳ್ಳಲ್ಲ.

ಹಾಗಾದರೆ ಹೆರಿಗೆಯ ತೃಪ್ತಿ ನಿಜವಾಗಿ ಯಾವುದರಿಂದ ಬರುತ್ತದೆ? ನೋವು ಕಡಿಮೆ ಇದ್ದರೆ ಬರುತ್ತದೆ ಅಂತ ನಾವು ಡಾಕ್ಟರುಗಳು ತುಂಬಾ ಕಾಲ ನಂಬಿದ್ದೆವು. ಕೆನಡಾದ ಸಂಶೋಧಕಿ ಎಲೆನ್ ಹಾಡ್ನೆಟ್ 2002ರಲ್ಲಿ ಅಲ್ಲಿಯವರೆಗಿನ ನೂರಕ್ಕೂ ಹೆಚ್ಚು ಅಧ್ಯಯನ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎದ್ದು ಕಂಡಿದ್ದು ನಾಲ್ಕೇ ವಿಷಯ. ಹೆರಿಗೆ ಹೇಗಿರುತ್ತದೆ ಅಂತ ಅವಳು ಅಂದುಕೊಂಡಿದ್ದು, ನೋಡಿಕೊಂಡವರು ಕೊಟ್ಟ ಆಸರೆ, ಅವರು ಅವಳ ಜೊತೆ ನಡೆದುಕೊಂಡ ರೀತಿ, ಅವಳನ್ನು ಒಂದು ಮಾತು ಕೇಳಿದರೋ ಇಲ್ಲವೋ ಅನ್ನುವುದು. ನೋವು, ವಯಸ್ಸು, ದುಡ್ಡು-ಕಾಸು, ಕೋಣೆಯ ಅಂದಚಂದ ಎಲ್ಲ ಇವುಗಳ ಹಿಂದೆ. ನಿಮ್ಮ ಪತ್ರವನ್ನೇ ನೋಡಿ. ನೋವು ತಡೆಯಲಾಗಲಿಲ್ಲ ಅಂತ ಎಲ್ಲೂ ಬರೆದಿಲ್ಲ. ಅಮ್ಮನನ್ನು ಬಿಡಲಿಲ್ಲ, ಬೈದರು, ಕೇಳದೆ ಕೊಯ್ದರು ಅಂತ ಬರೆದಿದ್ದೀರಿ.

ಆ ನೆನಪು ಮಾಸುವಂಥದ್ದೂ ಅಲ್ಲ. ಅಮೆರಿಕದಲ್ಲಿ ಗರ್ಭಿಣಿಯರಿಗೆ ಹೆರಿಗೆಯ ತಯಾರಿ ಹೇಳಿಕೊಡುತ್ತಿದ್ದ ಪೆನ್ನಿ ಸಿಮ್ಕಿನ್ 20 ಹೆಂಗಸರನ್ನು ಮೊದಲ ಹೆರಿಗೆಯಾಗಿ 15ರಿಂದ 20 ವರ್ಷ ಕಳೆದ ಮೇಲೆ ಮಾತಾಡಿಸಿದ್ದರು. ಡಾಕ್ಟರು, ನರ್ಸು ಅವತ್ತು ಏನು ಅಂದರು ಅನ್ನುವುದು ಅವರಿಗೆ ಹಾಗೇ ನೆನಪಿತ್ತು. ಇದನ್ನು ಓದುವ ಮೊದಲೇ ನನಗೊಬ್ಬರು ಈ ಪಾಠ ಕಲಿಸಿದ್ದರು.

ನಾನು ಆಗಿನ್ನೂ ಕೆಲಸಕ್ಕೆ ಸೇರಿ ಎರಡು-ಮೂರು ವರ್ಷ. ನಮ್ಮ ಲೇಬರ್ ರೂಮಿನ ಗೋಡೆ ಗಡಿಯಾರ ಟೇಬಲ್ ಮೇಲೆ ಮಲಗಿದವರ ತಲೆಯ ಹಿಂದಿನ ಗೋಡೆಯಲ್ಲಿತ್ತು. ಮಗು ಹುಟ್ಟಿದ ಸಮಯ ಬರೆದುಕೊಳ್ಳಬೇಕಲ್ಲ, ನಮಗೆ ಕಂಡರೆ ಸಾಕು ಅಂತ. ಒಂದು ರಾತ್ರಿ ಒಬ್ಬಾಕೆಗೆ ಹೆರಿಗೆ ಆದ ಮೇಲೆ ಮಾಸು ಬಿದ್ದು, ರಕ್ತ ನಿಲ್ಲಲೇ ಇಲ್ಲ. ಒಂದು ಗಂಟೆ ಒದ್ದಾಡಿ, ರಕ್ತ ಹಾಕಿ, ಉಳಿಸಿಕೊಂಡೆವು. ಆ ಕೇಸು ನನಗೆ ಹೆಮ್ಮೆಯ ಕೇಸು. ನಾಲ್ಕು ವರ್ಷದ ಮೇಲೆ ಆಕೆ ಮುಂದಿನ ಬಸಿರಿಗೆ ನನ್ನ ಹತ್ತಿರವೇ ಬಂದರು. ನಗುನಗುತ್ತಲೇ, "ಡಾಕ್ಟ್ರೇ, ಆವತ್ತು ಟೈಮ್ ಎಷ್ಟು ಅಂತ ಮೂರು ಸಲ ಕೇಳಿದೆ. ನೀವು, ಟೈಮ್ ಕಟ್ಕೊಂಡು ಏನ್ ಮಾಡ್ತೀಯಾ, ಸುಮ್ನೆ ಮುಕ್ಕು ಅಂದ್ರಿ" ಅಂದರು. ನನಗೆ ಅದು ನೆನಪೇ ಇರಲಿಲ್ಲ. ನನಗೆ ನೆನಪಿದ್ದದ್ದು ರಕ್ತ, ಆಕೆಗೆ ನೆನಪಿದ್ದದ್ದು ಗಡಿಯಾರ. ಬೆಳಕು ಹರಿಯಿತಾ, ಮನೆಯಲ್ಲಿ ದೊಡ್ಡ ಮಗುವಿಗೆ ಹಾಲು ಕೊಟ್ಟರಾ ಅಂತ ಲೆಕ್ಕ ಹಾಕಲು ಕೇಳಿದ್ದಂತೆ. ಮಾರನೇ ವಾರ ಗಡಿಯಾರವನ್ನು ಎದುರಿನ ಗೋಡೆಗೆ ಹಾಕಿಸಿದೆ. ಮೊಳೆ ಹೊಡೆಯಲು ಹತ್ತು ನಿಮಿಷ ಸಾಕಾಯಿತು.

ಹಾಗಾಗಿ ಲೇಬರ್ ರೂಮಿನಲ್ಲಿ ಬೈಯುವವರು ಯಾರೋ ಕೆಟ್ಟವರು ಅಂತ ನಾನು ಹೇಳಲಾರೆ. ನಾನೇ ಬೈದಿದ್ದೇನೆ. ರಾತ್ರಿ ಪಾಳಿಯಲ್ಲಿ ಇಬ್ಬರು ಸಿಸ್ಟರು, ನೋವಿನಲ್ಲಿರುವವರು ಎಂಟು-ಹತ್ತು ಜನ, ಮಗುವಿನ ಎದೆಬಡಿತ ಇಳಿಯುತ್ತಿದೆ ಅಂದಾಗ ದನಿ ಏರುತ್ತದೆ. ದನಿ ಏರುವುದು ಬೇರೆ, "ಗಂಡನ ಜೊತೆ ಮಲಗುವಾಗ ಗೊತ್ತಾಗಲಿಲ್ವಾ" ಅನ್ನುವುದು ಬೇರೆ. ನೀವು ಬರೆಯಲು ನಾಚಿಕೊಂಡ ಮಾತು ಇದೇ ಇರಬೇಕು ಅಂತ ಊಹಿಸಿದ್ದೇನೆ. ಯಾಕೆಂದರೆ ನಾನು ಕೇಳಿದ ಬಹುತೇಕ ಲೇಬರ್ ರೂಮುಗಳಲ್ಲಿ ಇದೇ ಮಾತು, ಅದೇ ಧಾಟಿ. ಹಿರಿಯರಿಂದ ಕಿರಿಯರಿಗೆ ಬಂದುಬಿಟ್ಟಿದೆ. ಕೆಲಸದ ಒತ್ತಡ ಇದಕ್ಕೆ ನೆಪ ಆಗಲಾರದು. ಇದನ್ನು ಅಂದರೆ ಹೆರಿಗೆ ಒಂದು ನಿಮಿಷವೂ ಬೇಗ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿಕೆ ಹೊರಡಿಸಿ, ಹೆರಿಗೆ ಸಮಯದಲ್ಲಿ ಬೈಯುವುದು, ಹೊಡೆಯುವುದು, ಅವಮಾನ ಮಾಡುವುದು, ಒಪ್ಪಿಗೆ ಇಲ್ಲದೆ ಕೈ ಹಾಕುವುದು ಹೆಂಗಸಿನ ಹಕ್ಕಿನ ಉಲ್ಲಂಘನೆ ಅಂತ ಹೇಳಿದೆ.

ಅಮ್ಮನನ್ನು ಹೊರಗೆ ನಿಲ್ಲಿಸಿದ್ದಂತೂ ನಿಯಮಕ್ಕೇ ವಿರುದ್ಧ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ವೇಳೆ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಹೆತ್ತು ಅನುಭವ ಇರುವ ಹೆಣ್ಣುಮಗಳು ಆಗಿರಬೇಕು, ಅಂಟುರೋಗ ಇರಬಾರದು, ಶುಚಿಯಾದ ಬಟ್ಟೆ ಹಾಕಿರಬೇಕು, ಸಿಬ್ಬಂದಿ ಕೆಲಸಕ್ಕೆ ಅಡ್ಡ ಬರಬಾರದು. ಇಷ್ಟೇ. ಪರದೆ ಹಾಕಿ ಮರೆ ಮಾಡುವ ವ್ಯವಸ್ಥೆ ಇರುವ ಕಡೆ ಗಂಡನನ್ನೂ ಬಿಡಬಹುದು. ಇದು ಕೇವಲ ಸಮಾಧಾನದ ಮಾತಲ್ಲ. 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳನ್ನು ಸೇರಿಸಿ ನೋಡಿದ, ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ ವಿಮರ್ಶೆ 2017ರಲ್ಲಿ ಬಂತು. ಜೊತೆಗೊಬ್ಬರು ಬಿಡದೆ ಇದ್ದರೆ ತಾನಾಗಿ ಆಗುವ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಸ್ವಲ್ಪ ಕಡಿಮೆ, ಆಮೇಲೆ "ಹೆರಿಗೆ ಕೆಟ್ಟದಾಗಿತ್ತು" ಅನ್ನುವವರೂ ಕಡಿಮೆ. ಬೆನ್ನು ತಿಕ್ಕುವ ಒಂದು ಕೈಗೆ ಇಷ್ಟು ಶಕ್ತಿ ಇದೆ. ನಮ್ಮ ಸೂಲಗಿತ್ತಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಕೊಯ್ದಿದ್ದು. ಮಗುವಿನ ತಲೆ ಹೊರಬರುವಾಗ ದಾರಿ ದೊಡ್ಡದು ಮಾಡಲು ಕತ್ತರಿಯಿಂದ ಕೊಯ್ಯುವುದಕ್ಕೆ ಎಪಿಸಿಯಾಟಮಿ ಅಂತಾರೆ. ಕೆಲವೊಮ್ಮೆ ಬೇಕೇ ಬೇಕು, ಮಗು ಸುಸ್ತಾಗುತ್ತಿದೆ ಅಂದರೆ ನಾನೂ ಕೊಯ್ಯುತ್ತೇನೆ. ಆದರೆ ಮೊದಲ ಹೆರಿಗೆ ಅಂದರೆ ಎಲ್ಲರಿಗೂ ಕೊಯ್ಯುವುದು ಅಂತ ನಾವು ಕಲಿತದ್ದು ಹಳೆಯ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆಗೆ ಅಂತಲೇ 56 ಶಿಫಾರಸುಗಳನ್ನು ಕೊಟ್ಟಿತು. ಎಲ್ಲರಿಗೂ ಕೊಯ್ಯಬೇಡಿ, ಹೊಟ್ಟೆ ಒತ್ತಿ ಮಗುವನ್ನು ತಳ್ಳಬೇಡಿ, ಎನಿಮಾ ಕೊಡುವುದು, ಕೂದಲು ಬೋಳಿಸುವುದು ಬೇಡ ಅಂತ ಅದರಲ್ಲಿದೆ. ಓಡಾಡಲು ಬಿಡಿ, ನೀರು-ಗಂಜಿ ಕುಡಿಯಲು ಬಿಡಿ, ಅವಳಿಗೆ ಹಿತ ಅನಿಸಿದ ಭಂಗಿಯಲ್ಲಿ ಹೆರಲು ಬಿಡಿ ಅಂತಲೂ ಇದೆ. ಕೊಯ್ಯಲೇಬೇಕಾದರೆ "ಅಮ್ಮ, ಸ್ವಲ್ಪ ಕೊಯ್ಯಬೇಕಾಗುತ್ತೆ, ಮರಗಟ್ಟುವ ಇಂಜೆಕ್ಷನ್ ಕೊಡ್ತೀನಿ" ಅನ್ನಲು ಐದು ಸೆಕೆಂಡ್ ಸಾಕು. ಹೊಲಿಗೆ ಹಾಕುವಾಗಲೂ ಅಷ್ಟೇ. ಚುಚ್ಚಿದ್ದು ಗೊತ್ತಾಗುತ್ತಿದೆ ಅಂದರೆ ಇನ್ನೊಂದು ಡೋಸ್ ಕೊಟ್ಟು, ಎರಡು ನಿಮಿಷ ಕಾಯಬೇಕು. "ಹೆತ್ತವಳಿಗೆ ಇದೇನು ದೊಡ್ಡದು" ಅನ್ನುವುದು ವೈದ್ಯಶಾಸ್ತ್ರ ಅಲ್ಲ.

ನಿಮ್ಮ ಮನೆಯವರ ಮಾತಿಗೂ ಒಂದು ಹಿನ್ನೆಲೆ ಇದೆ, ಅವರ ಮೇಲೆ ಸಿಟ್ಟಾಗಬೇಡಿ. ಅವರು ಕಂಡ ಕಾಲದಲ್ಲಿ ಹೆರಿಗೆ ಅಂದರೆ ಸಾವು ಬಾಗಿಲಲ್ಲಿ ನಿಂತಿರುತ್ತಿತ್ತು. ಆಸ್ಪತ್ರೆಗೆ ಬಂದರೆ ಉಳಿಯುತ್ತಾರೆ ಅಂತ ಸರ್ಕಾರ 2005ರಲ್ಲಿ ಜನನಿ ಸುರಕ್ಷಾ ಯೋಜನೆ ತಂದಿತು. 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಔಷಧಿ, ಪರೀಕ್ಷೆ, ರಕ್ತ, ಊಟ, ಗಾಡಿ, ಸಿಸೇರಿಯನ್ ಕೂಡ ಪುಕ್ಕಟೆ ಆಯಿತು. (ಹಾಗಾಗಿ "ಗಂಡಾದ್ರೆ ಇಷ್ಟು, ಹೆಣ್ಣಾದ್ರೆ ಇಷ್ಟು" ಅಂತ ಬಾಗಿಲಲ್ಲಿ ಕೈ ಚಾಚುವುದಕ್ಕೆ ಯಾವ ಅರ್ಥವೂ ಇಲ್ಲ.) 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಸಣ್ಣ ಸಾಧನೆ ಅಲ್ಲ. ಕರೆದುಕೊಂಡು ಬರುವ ಕೆಲಸ ಮುಗಿದಿದೆ. ಬಂದವರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಅನ್ನುವುದು ಉಳಿದ ಕೆಲಸ.

ಈಗ ತಂಗಿ ವಿಷಯ. ಪ್ರೈವೇಟ್‌ಗೆ ಹೋಗು ಅಂತ ಕಣ್ಣು ಮುಚ್ಚಿ ಹೇಳಬೇಡಿ. ಅಲ್ಲಿ ಏಸಿ ಇರುತ್ತದೆ, ಬೇರೆ ರೂಮು ಇರುತ್ತದೆ, "ನೀವು" ಅಂತ ಮಾತಾಡಿಸುತ್ತಾರೆ. ಅದರ ಬೆಲೆ ನನಗೆ ಗೊತ್ತು. ಆದರೆ ಅದೇ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೆರಿಗೆಗಳು ಸಿಸೇರಿಯನ್. ರಾಜ್ಯದ ಒಟ್ಟು ಲೆಕ್ಕ ನೂರಕ್ಕೆ 31.5. ಸಿಸೇರಿಯನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದರಿಂದ ಉಳಿದ ಜೀವಗಳನ್ನು ಕೈಯಾರೆ ಎತ್ತಿಕೊಂಡಿದ್ದೇನೆ. ಆದರೆ ಮೆತ್ತಗಿನ ಮಾತಿನಲ್ಲೂ ಕೇಳದೆ ನಿರ್ಧಾರ ಮಾಡಬಹುದು. "ಮಗುವಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದೆ, ನೀರು ಕಮ್ಮಿ ಇದೆ, ಸೈನ್ ಮಾಡಿ" ಅಂದರೆ ಯಾವ ಅಪ್ಪ ಬೇಡ ಅಂತಾನೆ? ಅಲ್ಲಿಂದ ಬಂದು ಅಳುವವರೂ ನನ್ನ ಹತ್ತಿರ ಬರುತ್ತಾರೆ, ಬಿಲ್ಲು ಹಿಡಿದುಕೊಂಡು.

ಸರ್ಕಾರಿಯೋ ಖಾಸಗಿಯೋ, ಎಂಟನೇ ತಿಂಗಳಲ್ಲಿ ಒಂದು ಸಲ ಅಕ್ಕ-ತಂಗಿ ಇಬ್ಬರೂ ಹೋಗಿ ನೋಡಿ ಬನ್ನಿ. ಸ್ಕ್ಯಾನಿಂಗ್ ರೂಮಲ್ಲ, ಲೇಬರ್ ರೂಮು. ಒಳಗೆ ಬಿಡದಿದ್ದರೆ ಬಾಗಿಲಲ್ಲಿ ನಿಂತು ನೋಡಿ. ಟೇಬಲ್‌ಗಳ ನಡುವೆ ಪರದೆ ಇದೆಯಾ, ಇದ್ದರೆ ಪೂರ್ತಿ ಎಳೆಯಲು ಬರುತ್ತದಾ? ನಾನು ಕಂಡ ಒಂದು ಕಡೆ ಟ್ರಾಲಿ ಗಾಲಿಗೆ ಸಿಕ್ಕುತ್ತದೆ ಅಂತ ಪರದೆಯನ್ನು ಮೊಣಕಾಲಿನ ಎತ್ತರಕ್ಕೆ ಕತ್ತರಿಸಿದ್ದರು. ಪಕ್ಕದಲ್ಲೇ ಕಕ್ಕಸು ಇದೆಯಾ ನೋಡಿ. ಆಮೇಲೆ ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ: ಅಮ್ಮ ಅಥವಾ ನಾನು ಕೊನೆವರೆಗೂ ಜೊತೆಗಿರಬಹುದಾ? ನೋವು ಬಂದಾಗ ಎದ್ದು ಓಡಾಡಬಹುದಾ? ಮೊದಲ ಹೆರಿಗೆಯವರಿಗೆ ಎಲ್ಲರಿಗೂ ಕೊಯ್ಯುತ್ತೀರಾ? ರಾತ್ರಿ ಡಾಕ್ಟರು ಇಲ್ಲೇ ಇರುತ್ತಾರಾ, ಫೋನ್ ಮಾಡಿ ಕರೆಸಬೇಕಾ? ಉತ್ತರಕ್ಕಿಂತ ಅದನ್ನು ಹೇಳುವ ಮುಖ ನೋಡಿ. "ಇಷ್ಟೆಲ್ಲ ಯಾಕೆ ನಿಮಗೆ" ಅನ್ನುವ ಕಡೆ, ನೋವಿನ ಹೊತ್ತಲ್ಲೂ ಅದೇ ಉತ್ತರ ಸಿಗುತ್ತದೆ. ತಂಗಿಗೆ ಬಿಪಿ, ಸಕ್ಕರೆ, ರಕ್ತ ಕಡಿಮೆ ಇಂಥದ್ದೇನಾದರೂ ಇದ್ದರೆ ಮಾತ್ರ ಈ ಲೆಕ್ಕ ಬೇರೆ. ಆಗ ರಕ್ತನಿಧಿ, ಅರಿವಳಿಕೆ ಡಾಕ್ಟರು, ನವಜಾತ ಶಿಶು ಘಟಕ ಇರುವ ಆಸ್ಪತ್ರೆಯೇ ಬೇಕು. ಪರದೆ ಆಮೇಲೆ.

ಇನ್ನೊಂದು ಕಿವಿಮಾತು. ನೋವು ಶುರುವಾದ ತಕ್ಷಣ ಗಾಬರಿಯಾಗಿ ಓಡಬೇಡಿ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯುವವರೆಗೂ ನಿಧಾನವೇ. ಮೊದಲ ಹೆರಿಗೆಗೆ ಅರ್ಧ ದಿನ ಮೀರಿದರೂ ಆಶ್ಚರ್ಯ ಇಲ್ಲ. ತೀರಾ ಮುಂಚೆ ಹೋಗಿ ಮಲಗಿದರೆ ಡ್ರಿಪ್ಪು, ಮೇಲಿಂದ ಮೇಲೆ ಒಳಪರೀಕ್ಷೆ ಎಲ್ಲ ಜಾಸ್ತಿ. ಎಲ್ಲ ಸರಿ ಇದ್ದಾಗ ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಆದರೆ ನೀರು ಹೋದರೆ, ರಕ್ತ ಕಂಡರೆ, ಮಗು ಆಡುವುದು ಕಡಿಮೆ ಆದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಊರು ದೂರ ಇದ್ದರೂ ಬೇಗ ಹೊರಡಿ.

ನಿಮ್ಮ ದೂರು ಹೇಳಿಕೊಳ್ಳಬೇಕು ಅನಿಸಿದರೆ ಎಂಟು ತಿಂಗಳು ತಡ ಏನಲ್ಲ. ಮೊದಲು ನಿಮ್ಮ ಕೇಸ್ ಶೀಟಿನ ಪ್ರತಿ ಕೇಳಿ. ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ನಿಯಮವೇ ಇದೆ. ಆಮೇಲೆ ಆಸ್ಪತ್ರೆಯ ಮುಖ್ಯಸ್ಥರಿಗೆ ಒಂದು ಪತ್ರ, ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ. 104 ಸಹಾಯವಾಣಿಯಲ್ಲೂ ದೂರು ಬರೆದುಕೊಳ್ಳುತ್ತಾರೆ. (ಖಾಸಗಿ ಆಸ್ಪತ್ರೆಯ ದೂರಾದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ.) ಪತ್ರದಲ್ಲಿ "ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಬರೆದರೆ ಯಾರೂ ಓದುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಾತು ಅಂದರು ಅನ್ನುವುದನ್ನು ಇದ್ದ ಹಾಗೇ ಬರೆಯಿರಿ. ನಾಚಿಕೆ ಅಂದವರಿಗೆ ಆಗಲಿ. ಇಂಥ ಒಂದೇ ಒಂದು ಪತ್ರ ವಾರ್ಡ್ ಮೀಟಿಂಗ್‌ನಲ್ಲಿ ಗಟ್ಟಿಯಾಗಿ ಓದಿದ ಮೇಲೆ ಇಡೀ ಪಾಳಿ ತಲೆ ತಗ್ಗಿಸಿದ್ದನ್ನು ನೋಡಿದ್ದೇನೆ. ಬರೆಯುವ ಮನಸ್ಸಿಲ್ಲದಿದ್ದರೆ ಬಿಡಿ, ಅದೇನು ಹೇಡಿತನ ಅಲ್ಲ.

ಅಳು ಬರುವುದರ ಬಗ್ಗೆ ನನಗೊಂದಿಷ್ಟು ಕೇಳಬೇಕಿದೆ. ಆ ರಾತ್ರಿ ಕನಸಿನಲ್ಲಿ ಬರುತ್ತದಾ? ಆ ಆಸ್ಪತ್ರೆಯ ರಸ್ತೆ, ಫಿನಾಯಿಲ್ ವಾಸನೆ, ಇವು ಬಂದರೆ ಎದೆ ಹೊಡೆದುಕೊಳ್ಳುತ್ತದಾ? ಇನ್ನೊಂದು ಮಗು ಅಂದರೆ ಭಯ ಆಗುತ್ತದಾ? ನೂರಕ್ಕೆ ನಾಲ್ಕು ಹೆಂಗಸರಿಗೆ ಹೆರಿಗೆಯ ಆಘಾತ ಹೀಗೆ ಕಾಯಿಲೆಯಾಗಿ ಉಳಿಯುತ್ತದೆ. ಇದು ಮನಸ್ಸಿನ ದೌರ್ಬಲ್ಯ ಅಲ್ಲ, ಚಿಕಿತ್ಸೆ ಇದೆ. 14416 ಅನ್ನುವುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯರಿಗೇ ಬೇರೆ ವಿಭಾಗ ಇದೆ. ಸೇರಬೇಕಾಗಿ ಬಂದರೆ ಮಗುವನ್ನೂ ಜೊತೆಗಿಟ್ಟುಕೊಂಡೇ ಚಿಕಿತ್ಸೆ ಕೊಡುವ ಘಟಕ 2009ರಿಂದ ನಡೆಯುತ್ತಿದೆ. ಬದುಕೇ ಬೇಡ ಅನಿಸಿದರೆ ಮಾತ್ರ ಅವತ್ತೇ ಯಾರಿಗಾದರೂ ಹೇಳಿ, ನಾಳೆಗೆ ಇಡಬೇಡಿ.

ಕೊನೆಯ ಸಾಲಿನಲ್ಲಿ ಹೊಲಿಗೆ ನೋವಿನ ಬಗ್ಗೆ ಬರೆದಿದ್ದೀರಿ. ಅದನ್ನೇ ಮೊದಲು ಬರೆಯಬೇಕಿತ್ತು ನೀವು. ಅತ್ತೆಯವರ ಮಾತು ಇಲ್ಲಿ ಸರಿ ಇಲ್ಲ. ಹೊಲಿಗೆಯ ನೋವು ವಾರಗಳಲ್ಲಿ ಇಳಿಯಬೇಕು, ಎಂಟು ತಿಂಗಳಾದರೂ ನೋಯುವುದು ಸಹಜ ಅಲ್ಲ. ಗಾಯ ಗಂಟಾಗಿ ಕೂಡಿರಬಹುದು, ಒಳಗೆ ಸಣ್ಣ ಹಸಿ ಮಾಂಸ ಬೆಳೆದಿರಬಹುದು, ಎದೆಹಾಲು ಕುಡಿಸುವಾಗ ಆ ಜಾಗ ಒಣಗುವುದರಿಂದಲೂ ಉರಿಯಬಹುದು, ಭಯಕ್ಕೆ ಸ್ನಾಯು ಬಿಗಿಯಾಗಿರಬಹುದು. ಮುಲಾಮು, ವ್ಯಾಯಾಮ, ಬೇಕಾದರೆ ಒಂದು ಸಣ್ಣ ರಿಪೇರಿ, ಇಷ್ಟರಲ್ಲೇ ಹೆಚ್ಚಿನವು ವಾಸಿಯಾಗುತ್ತವೆ. ಗಾಳಿ ಅಥವಾ ಮಲ ಹಿಡಿದಿಡಲು ಆಗುತ್ತಿಲ್ಲ ಅಂದರೆ ಅದನ್ನೂ ಬಾಯಿಬಿಟ್ಟು ಹೇಳಿ, ಹಿಂಭಾಗದ ಸ್ನಾಯು ಹರಿದದ್ದು ಅವತ್ತು ಕಣ್ಣಿಗೆ ಬೀಳದೆ ಹೋಗಿರಬಹುದು. ಈ ವಾರವೇ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿ. ಪರೀಕ್ಷೆಗೆ ಮೊದಲು "ನನಗೆ ಹೆರಿಗೆಯಲ್ಲಿ ತುಂಬಾ ಕಷ್ಟ ಆಗಿದೆ, ನಿಧಾನಕ್ಕೆ ನೋಡಿ, ನಿಲ್ಲಿಸಿ ಅಂದರೆ ನಿಲ್ಲಿಸಿ" ಅನ್ನಿ. ನಿಲ್ಲಿಸದಿದ್ದರೆ ಎದ್ದು ಬನ್ನಿ. ಬೇರೆ ಡಾಕ್ಟರು ಇದ್ದಾರೆ.